ಬೆಳ್ಳಿಯ ಕಟ್ಟು

ಹಳೆಯ ವಸ್ತುಗಳ ಮೇಲೆ ಈಚೆಗೆ ನಮ್ಮ ಜನರಿಗೆ ಎಲ್ಲಿಲ್ಲದ ಮಮತೆ ಹುಟ್ಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಊರುಗಳಲ್ಲಿ ಯಾರಾದರೂ ಹಳೆಯ ಮನೆಯನ್ನು ಕೆಡವುತ್ತಾರೆಂದು ಸುದ್ದಿಯಾದರೆ ಸಾಕು, ಕೆತ್ತನೆಯ ಬಾಗಿಲುಂಟೆ, ಕಂಬವುಂಟೆ, ತಾಮ್ರದ ಹಂಡೆಯುಂಟೆ ಎಂದು ಕೇಳಿಕೊಂಡು ಪಟ್ಟಣದಿಂದ ಜನ ಬರುತ್ತಾರೆ. ಹಣ ಕೊಟ್ಟು ಒಯ್ಯುತ್ತಾರೆ. ಅಜ್ಜಿ ನೀರು ಕಾಯಿಸಿದ ಹಂಡೆ ಯಾವುದೋ ಹೋಟೆಲಿನ ಮೂಲೆಯಲ್ಲಿ ಹೂಗಿಡ ಹೊತ್ತು ನಿಲ್ಲುತ್ತದೆ. ಇದನ್ನು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಗೆದ್ದಲಿನ ಬಾಯಿಗೆ ಬೀಳುವುದಕ್ಕಿಂತ ನೋಡುವವರ ಕಣ್ಣಿಗೆ ಬೀಳುವುದು ಲೇಸಲ್ಲವೆ? ಬಾಗಿಲನ್ನು ಕಣ್ಣಿನಿಂದ ಮೆಚ್ಚಬಹುದು. ಆದರೆ ವಾದ್ಯವನ್ನು ಬರಿಯ ಕಣ್ಣಿನಿಂದ ಮೆಚ್ಚಲು ಸಾಧ್ಯವೆ? ಹಳೆಯದೊಂದು ವಾದ್ಯದ ಬೆಲೆಯನ್ನು ತಿಳಿಯುವುದು ಹೇಗೆ? ಇದೇ ಈ ಲೇಖನದ ವಿಷಯ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆಯೆಂದು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಎನ್.ಸಿ.ಸಿ. ಶಿಬಿರಕ್ಕೆಂದು ಬೆಳಗಾವಿಗೆ ಹೋಗಿದ್ದೆ. ಬೆಳಗಾವಿ ಮರಾಠಾ ಲಘು ಪದಾತಿ ದಳದ ಕೇಂದ್ರಸ್ಥಾನ. 1768ರಲ್ಲಿ ಕಟ್ಟಿದ ಪಡೆಯಿಂದ ತನ್ನ ವಂಶಾವಳಿಯನ್ನು ಎಣಿಸುವ ದಳ ಅದು. ಒಂದು ಬೆಳಗ್ಗೆ ಸೈನಿಕರ ಬ್ಯಾಂಡು ಮೈದಾನದ ಆಚೆಯಿಂದ ಬಂದಿತು. ಎಡಗಂಕುಳಲ್ಲಿ ಚೀಲ ಅವುಚಿಕೊಂಡು, ಹೆಗಲ ಮೇಲೆ ಮೂರು ಉದ್ದ ಕೊಳವೆಗಳನ್ನು ಒರಗಿಸಿಕೊಂಡು ನುಡಿಸುವ ಆ ವಾದ್ಯವನ್ನು ಟಿ.ವಿ.ಯಲ್ಲಿ ಗಣರಾಜ್ಯೋತ್ಸವದ ದಿನ ನೋಡಿದ್ದೆನೇ ಹೊರತು ಹತ್ತಿರದಿಂದ ಕೇಳಿರಲಿಲ್ಲ. ಬ್ಯಾಗ್‌ಪೈಪ್ ಎಂದು ಅದರ ಹೆಸರು. ಸ್ಕಾಟ್ಲೆಂಡಿನ ಗುಡ್ಡಗಾಡಿನ ವಾದ್ಯ. ಪಕ್ಕದಲ್ಲಿದ್ದ ಗೆಳೆಯ, "ಎಂತ ಮಾರಾಯಾ, ನಿಮ್ಮ ಮನೆ ವಾಲಗದ ಹಾಂಗೇ ಕೇಳ್ತದಲ್ಲೋ" ಎಂದು ನಕ್ಕ. ಅವನು ಹಾಸ್ಯಕ್ಕೆ ಹೇಳಿದ ಮಾತು ನಿಜವಾಗಿತ್ತು.

ನಮ್ಮದು ವಾಲಗದವರ ಮನೆ. ಮಾರಿಕಾಂಬೆಯ ಜಾತ್ರೆಯಿಂದ ಹಿಡಿದು ಊರ ಮದುವೆ, ಉಪನಯನ, ದೇವಸ್ಥಾನದ ಪಲ್ಲಕ್ಕಿ ಸೇವೆಯವರೆಗೆ ಮೂರು ತಾಲೂಕುಗಳಲ್ಲಿಯೂ ನಮ್ಮ ಹಿರಿಯರು ಊದಿದ್ದಾರೆ. ದೊಡ್ಡಜ್ಜ ಮೌರಿ ನುಡಿಸುವವರು. ನನ್ನ ಅಜ್ಜ ಅವರ ಬೆನ್ನ ಹಿಂದೆ ಶ್ರುತಿ ಹಿಡಿಯುವವರು. ಶ್ರುತಿಯ ಕೊಳವೆ ನೋಡಲು ಮೌರಿಯಂತೆಯೇ ಇರುತ್ತದೆ. ಆದರೆ ಬೆರಳಾಡಿಸಲು ರಂಧ್ರಗಳಿರುವುದಿಲ್ಲ. ಬುಡದಲ್ಲಿರುವ ಒಂದೆರಡು ರಂಧ್ರಗಳಿಗೆ ಮೇಣ ತುಂಬಿ, ತೆಗೆದು, ಮೌರಿಗೆ ಹೊಂದುವಂತೆ ಸ್ವರ ಕೂಡಿಸುತ್ತಾರೆ. ಆಮೇಲೆ ಗಂಟೆಗಟ್ಟಲೆ ಅದೊಂದೇ ಸ್ವರ. ನಡುವೆ ಉಸಿರು ಕಡಿಯುವಂತಿಲ್ಲ. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಕೊಳವೆಗೆ ನೂಕುತ್ತಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳಬೇಕು. ಅಜ್ಜ ಹೇಳುತ್ತಿದ್ದ ಮಾತೊಂದು ನೆನಪಿದೆ: "ತಮಾ, ಶ್ರುತಿ ಹಿಡಿದವನ ಹೆಸರು ಯಾರೂ ಕೇಳೂದಿಲ್ಲ. ಶ್ರುತಿ ತಪ್ಪಿದ ದಿನ ಮಾತ್ರ ಎಲ್ಲರೂ ಕೇಳ್ತಾರೆ."

ಬೆಳಗಾವಿಯ ಮೈದಾನದಲ್ಲಿ ನಾನು ಕಂಡದ್ದು ಈ ಗಲ್ಲದ ಕೆಲಸವನ್ನೇ ಚೀಲವೊಂದು ಮಾಡುವುದನ್ನು. ಬ್ಯಾಂಡಿನ ಹವಾಲ್ದಾರರೊಬ್ಬರು ಬಿಡುವಿನಲ್ಲಿ ತಮ್ಮ ಪೈಪನ್ನು ತೋರಿಸಿ ಹಿಂದಿಯಲ್ಲಿ ವಿವರಿಸಿದರು. ಬಾಯಿಂದ ಊದಿದ ಗಾಳಿ ಚೀಲದಲ್ಲಿ ತುಂಬುತ್ತದೆ. ಊದುವವನು ಉಸಿರೆಳೆದುಕೊಳ್ಳುವಾಗ ತೋಳಿನಿಂದ ಚೀಲವನ್ನು ಅಮುಕುತ್ತಾನೆ. ಆದ್ದರಿಂದ ನಾದ ಕಡಿಯುವುದಿಲ್ಲ. ಬೆರಳಾಡಿಸುವ ಕೊಳವೆಗೆ ಚಾಂಟರ್ ಎನ್ನುತ್ತಾರೆ. ಅದರಲ್ಲಿ ಒಂಬತ್ತು ಸ್ವರಗಳು. ಹೆಗಲ ಮೇಲಿನ ಮೂರು ಕೊಳವೆಗಳೇ ಡ್ರೋನುಗಳು. ಈ ಕಾಲದಲ್ಲಿ ಆಕಾಶದಲ್ಲಿ ಹಾರಿ ಚಿತ್ರ ತೆಗೆಯುವ ಯಂತ್ರವೆಂದು ಯಾರೂ ತಿಳಿಯಬಾರದು. ಇವು ಶ್ರುತಿಯ ಕೊಳವೆಗಳು. ಎರಡು ಚಿಕ್ಕವು, ಒಂದು ದೊಡ್ಡದು. ಚಿಕ್ಕವು ಚಾಂಟರಿನ ಆಧಾರ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ, ದೊಡ್ಡದು ಎರಡು ಸ್ಥಾಯಿ ಕೆಳಗೆ ಮೊರೆಯುತ್ತವೆ. ನಮ್ಮಲ್ಲಿ ಮೌರಿಯವರು, ಶ್ರುತಿಯವರು ಎಂದು ಬೇರೆಬೇರೆ ಜನ ಮಾಡುವುದನ್ನು ಅಲ್ಲಿ ಒಬ್ಬನೇ ಹೊತ್ತಿದ್ದಾನೆ.

ಇದು ನಮಗೆ ತೀರ ಹೊಸದೂ ಅಲ್ಲ. ಕ್ಯಾಪ್ಟನ್ ಡೇ ಎಂಬ ಆಂಗ್ಲ ಸೈನ್ಯಾಧಿಕಾರಿ ದಕ್ಷಿಣ ಭಾರತದ ವಾದ್ಯಗಳ ಮೇಲೆ 1891ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಶ್ರುತಿಗಾಗಿಯೇ ಇದ್ದ ದೇಶೀಯ ಚರ್ಮದ ಚೀಲದ ವಾದ್ಯವೊಂದರ ವರ್ಣನೆಯಿದೆ. ಕಮ್ಮಾರನ ಕುಲುಮೆಯ ತಿದಿಯನ್ನು ಬಲ್ಲ ನಾಡಿಗೆ ಗಾಳಿಯ ಚೀಲ ಹೊಸದಾಗಲು ಹೇಗೆ ಸಾಧ್ಯ? ನಮ್ಮ ಯಕ್ಷಗಾನದಲ್ಲಿಯೂ ಹಿಂದೆ ಸೋರೆಬುರುಡೆಯ ಪುಂಗಿ ಶ್ರುತಿಗಿತ್ತು. ಅದರ ಜಾಗಕ್ಕೆ ಹಾರ್ಮೋನಿಯಂ ಬಂದಿತು, ಆಮೇಲೆ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿತು.

ಹವಾಲ್ದಾರರ ಪೈಪಿನ ಕೊಳವೆಗಳಿಗೆ ಅಲ್ಲಲ್ಲಿ ಲೋಹದ ಬಳೆಗಳಿದ್ದವು. ಚೆಂದಕ್ಕಾಗಿ ಹಾಕಿದ್ದೇ ಎಂದು ಕೇಳಿದೆ. ಅವರು ತಲೆಯಾಡಿಸಿ, ಇದು ಅಲಂಕಾರವಲ್ಲ, ಮರ ಸೀಳದಿರಲೆಂದು ಹಾಕಿದ ಕಟ್ಟು ಎಂದರು. ಊದುವವನ ಉಸಿರಿನಲ್ಲಿ ನೀರಿನ ಪಸೆಯಿದೆ. ಒಳಗಿನಿಂದ ಮರ ನೆನೆದು ಉಬ್ಬುತ್ತದೆ, ಹೊರಗಿನ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಕೊಳವೆಗೆ ಕೊಳವೆ ಸೇರುವ ಜಾಗದಲ್ಲಿ ಮರ ತೆಳ್ಳಗಿರುತ್ತದೆ, ಸೀಳುವುದು ಅಲ್ಲಿಯೇ. ಒನಕೆಗೆ ಅಣಸು ಹೇಗೋ, ಗಾಡಿಯ ಗಾಲಿಗೆ ಪಟ್ಟಿ ಹೇಗೋ, ಹಾಗೆ ಅಲ್ಲಿ ಬಳೆ. ಸಾಮಾನ್ಯ ಪೈಪಿಗೆ ಅಗ್ಗದ ಲೋಹ, ಬೆಲೆಯುಳ್ಳ ಹಳೆಯ ಪೈಪುಗಳಿಗೆ ಬೆಳ್ಳಿ.

ಆ ಮಾತನ್ನು ಕೇಳಿದಾಗ ನಾನು ಮುಂದೆ ಏನೂ ಕೇಳಲಾರದೆ ಸುಮ್ಮನಾದೆ. ಕಾರಣವನ್ನು ಹೇಳುತ್ತೇನೆ.

ಅಜ್ಜನ ಶ್ರುತಿಯ ಕೊಳವೆಗೂ ಎರಡು ಬೆಳ್ಳಿಯ ಕಟ್ಟುಗಳಿದ್ದವು. ಸಿದ್ದಾಪುರದ ಕಡೆಯ ಒಂದು ಮನೆಯ ಯಜಮಾನರು, ಮದುವೆಯಲ್ಲಿ ಎಲ್ಲರೂ ಮೌರಿಯವರಿಗೆ ಶಾಲು ಹೊದೆಸುವಾಗ, ಹಿಂದೆ ನಿಂತ ಶ್ರುತಿಯವರ ಕೊಳವೆಯ ತುದಿ ಬಿರಿಯತೊಡಗಿದ್ದನ್ನು ಕಂಡು ಎರಡು ತೊಲೆ ಬೆಳ್ಳಿ ಕೊಟ್ಟಿದ್ದರಂತೆ. ಅಕ್ಕಸಾಲಿಯೊಬ್ಬರು ಕೂಲಿ ಕೇಳದೆ ಕಟ್ಟು ಹಾಕಿದರಂತೆ. ಅಜ್ಜ ತೀರಿಕೊಂಡ ಮೇಲೆ ಕೊಳವೆ ಅಟ್ಟ ಸೇರಿತು. ನಾನು ಈ ಕಾಲೇಜಿಗೆ ಸೇರುವ ವರ್ಷ ಮನೆಯಲ್ಲಿ ಕೈ ಬಿಗಿಯಿತ್ತು. ಅಟ್ಟದಲ್ಲಿ ಕಪ್ಪಗಾಗಿ ಕುಳಿತ ಬೆಳ್ಳಿ ಇದೆಯೆಂದು ಅಪ್ಪನಿಗೆ ನೆನಪು ಮಾಡಿದವನು ನಾನೇ. ಪೇಟೆಯಲ್ಲಿ ಕೊಳ್ಳುವವರು ಕಟ್ಟುಗಳನ್ನು ಬಿಡಿಸಿಕೊಂಡು ತೂಗಿದರು, ಕೊಳವೆಯನ್ನು ಹಿಂದಕ್ಕೆ ಕೊಟ್ಟರು. ಸಾವಿರದ ನಾನೂರು ರೂಪಾಯಿ ಬಂದಿತು. ಪುಸ್ತಕಕ್ಕೂ ಬಸ್ ಪಾಸಿಗೂ ಆಯಿತು. ಅವರ ತಪ್ಪಿಲ್ಲ, ತಕ್ಕಡಿಗೆ ಬೆಳ್ಳಿಯ ಭಾಷೆ ಮಾತ್ರ ಗೊತ್ತು. ಮಳೆಗಾಲ ಕಳೆದು ಬೇಸಗೆ ಬಂದಾಗ ಕೊಳವೆ ಮೇಲಿನಿಂದ ಒಂದು ಗೇಣು ಸೀಳಿತ್ತು. ನಮ್ಮ ಮಲೆನಾಡಿನ ಮಳೆ ಮತ್ತು ಮಾಘದ ಒಣಹವೆಯ ನಡುವೆ ಅಷ್ಟು ವರ್ಷ ಅದನ್ನು ಹಿಡಿದಿಟ್ಟದ್ದು ಆ ಎರಡು ತೊಲೆ ಬೆಳ್ಳಿಯೇ ಎಂಬುದು ಬೆಳಗಾವಿಯಲ್ಲಿ ನನಗೆ ತಿಳಿಯಿತು.

ಅಂದಿನಿಂದ ಹಳೆಯ ಪೈಪುಗಳ ವಿಷಯವನ್ನು ಹುಡುಕಿ ಓದತೊಡಗಿದೆ. ಬಲ್ಲವರು ಅವನ್ನು ಹೇಗೆ ಪರೀಕ್ಷಿಸುತ್ತಾರೆಂಬುದು ನಮಗೂ ಪಾಠವಾಗುವಂತಿದೆ. ಮೊದಲು ಬೆಳ್ಳಿಯನ್ನು ನೋಡುತ್ತಾರೆ. ಅದರ ಮೇಲೆ ಸಣ್ಣ ಮುದ್ರೆಗಳಿರುತ್ತವೆ. ಕೋಟೆಯ ಚಿಹ್ನೆಯಿದ್ದರೆ ಎಡಿನ್‌ಬರೋದಲ್ಲಿ, ಲಂಗರಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ, ಮರ, ಹಕ್ಕಿ, ಗಂಟೆ, ಮೀನುಗಳಿದ್ದರೆ ಗ್ಲಾಸ್ಗೋದಲ್ಲಿ ಬೆಳ್ಳಿಯ ಪರೀಕ್ಷೆ ನಡೆದಿದೆಯೆಂದು ಅರ್ಥ. ವರ್ಷವನ್ನು ಸೂಚಿಸುವ ಅಕ್ಷರವೂ ಇರುತ್ತದೆ. ಗ್ಲಾಸ್ಗೋದ ಪರೀಕ್ಷಾಲಯ 1964ರಲ್ಲಿ ಮುಚ್ಚಿತು. ಆದುದರಿಂದ ಆ ಮುದ್ರೆಯ ಬೆಳ್ಳಿ ಅದಕ್ಕಿಂತ ಹಿಂದಿನದಾಗಿರಲೇಬೇಕು. ಆದರೆ ಮುದ್ರೆ ಹೇಳುವುದು ಬೆಳ್ಳಿಯ ವಯಸ್ಸನ್ನು ಮಾತ್ರ. ಹಳೆಯ ಬೆಳ್ಳಿಯನ್ನು ಹೊಸ ಮರಕ್ಕೆ ತೊಡಿಸಬಹುದು, ಹೊಸ ಬೆಳ್ಳಿಯನ್ನು ಹಳೆಯ ಮರಕ್ಕೆ ತೊಡಿಸಬಹುದು.

ಆಮೇಲೆ ಮರವನ್ನು ನೋಡುತ್ತಾರೆ. ಹಿಂದೆ ವೆಸ್ಟ್ ಇಂಡೀಸಿನಿಂದ ಬರುತ್ತಿದ್ದ ಕೋಕಸ್ ಎಂಬ ಮರವನ್ನೂ ಕರಿಮರವನ್ನೂ ಬಳಸುತ್ತಿದ್ದರು. 19ನೆಯ ಶತಮಾನದ ಕೊನೆಯಿಂದ ಪೂರ್ವ ಆಫ್ರಿಕದ ಒಂದು ಕಪ್ಪು ಮರ ಬಳಕೆಗೆ ಬಂದಿತು. ಅದು ನಮ್ಮ ಕಾಡಿನ ಬೀಟೆಯ ಸೋದರ. ಸಸ್ಯಶಾಸ್ತ್ರದಲ್ಲಿ ಎರಡೂ ಡಾಲ್ಬರ್ಜಿಯ ಕುಲಕ್ಕೆ ಸೇರಿವೆ. ಯಲ್ಲಾಪುರದ ಕಾಡಿನಂಚಿನಲ್ಲಿ ಡಮಾಮಿ ಬಾರಿಸಿ ಕುಣಿಯುವ ಸಿದ್ದಿ ಬಂಧುಗಳ ಪೂರ್ವಜರನ್ನೂ ಆಫ್ರಿಕದ ಆ ದಿಕ್ಕಿನಿಂದಲೇ ಹಡಗಿನಲ್ಲಿ ತಂದರು. ಮರ ಹೋದ ದಾರಿ, ಮನುಷ್ಯ ಬಂದ ದಾರಿ ಎರಡೂ ವ್ಯಾಪಾರದವೇ. ಚೆಲುವಾದ ಹಳೆಯ ವಾದ್ಯವನ್ನು ಕೈಗೆತ್ತಿಕೊಂಡಾಗ ಇದನ್ನೂ ಮರೆಯಬಾರದು. ಅಂತೆಯೇ ಆ ಪೈಪುಗಳ ಅಂಚಿನಲ್ಲಿ ಬೆಳ್ಳಿಯ ಜೊತೆಗೆ ದಂತವೂ ಇರುವುದುಂಟು. ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯಲು ರಾಷ್ಟ್ರಗಳು 1989ರಲ್ಲಿ ಒಪ್ಪಿದವು. ಡಾಲ್ಬರ್ಜಿಯ ಕುಲದ ಮರಗಳ ವ್ಯಾಪಾರಕ್ಕೂ 2017ರಿಂದ ನಿಯಂತ್ರಣ ಬಂದಿದೆ. ಇದು ಯೋಗ್ಯವಾದುದೇ. ಇದ್ದ ವಾದ್ಯವನ್ನು ಜೋಪಾನ ಮಾಡುವುದು ಹೊಸ ಮರವನ್ನು ಕಡಿಯುವುದಕ್ಕಿಂತ ಮೇಲು.

ಕಡೆಗೆ ಮಾಡುವ ಪರೀಕ್ಷೆಯೇ ಮುಖ್ಯವಾದುದು: ಊದಿ ನೋಡುತ್ತಾರೆ. ಕಳೆದ ನೂರು ವರ್ಷಗಳಲ್ಲಿ ಪೈಪಿನ ಆಧಾರ ಸ್ವರ ಮೇಲಕ್ಕೇರಿದೆ. ಆದುದರಿಂದ ಹಳೆಯ ಚಾಂಟರು ಇಂದಿನ ಮೇಳದಲ್ಲಿ ಸೇರುವುದಿಲ್ಲ. ಅದನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಉಳಿಯುವವು ಶ್ರುತಿಯ ಕೊಳವೆಗಳು. ಗ್ಲಾಸ್ಗೋದ ಹೆಂಡರ್‌ಸನ್ ಮೊದಲಾದವರು ಮಾಡಿದ ಹಳೆಯ ಪೈಪುಗಳನ್ನು ಇಂದಿಗೂ ಜನ ಹುಡುಕಿಕೊಂಡು ಹೋಗುವುದು ಆ ಡ್ರೋನುಗಳ ತುಂಬುನಾದಕ್ಕಾಗಿ. ಓದುಗರು ಇದನ್ನು ದಯವಿಟ್ಟು ಗಮನಿಸಬೇಕು. ಕುಣಿಯುವ ಸ್ವರಗಳ ಕೊಳವೆ ಕಾಲಕ್ಕೆ ತಕ್ಕಂತೆ ಬದಲಾಯಿತು. ಒಂದೇ ಸ್ವರವನ್ನು ಹಿಡಿದು ನಿಂತ ಕೊಳವೆಗೆ ಬೆಲೆ ಬಂದಿತು. ನಮ್ಮಲ್ಲಿ ಶ್ರುತಿಯೇ ತಾಯಿ, ಲಯವೇ ತಂದೆ ಎಂಬ ಮಾತಿದೆ. ಮಾತಿದೆ, ಆದರೆ ಆ ತಾಯಿಗೆ ನಾವು ಕೂರಲು ಮಣೆಯನ್ನಾದರೂ ಹಾಕಿದ್ದೇವೆಯೆ?

1977ರ 'ಸನಾದಿ ಅಪ್ಪಣ್ಣ' ಚಿತ್ರವನ್ನು ನಮ್ಮ ಹಿರಿಯರೆಲ್ಲ ನೋಡಿದ್ದಾರೆ. ಅದರಲ್ಲಿ ರಾಜಕುಮಾರರ ಅಭಿನಯಕ್ಕೆ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದರು. ಅವರಿಗೆ 2001ರಲ್ಲಿ ಭಾರತರತ್ನ ದೊರೆತಾಗ ವಾಲಗದವರ ಕುಲವೆಲ್ಲ ಹಿಗ್ಗಿತು. ಆದರೂ ಒಂದು ಮದುವೆಯ ಮನೆಯಲ್ಲಿ ಇಂದಿಗೂ ವಾಲಗದವರಿಗೆ ಅಂಗಳದ ಮೂಲೆಯಲ್ಲಿ ಜಾಗ, ಕೊನೆಯ ಪಂಕ್ತಿಯಲ್ಲಿ ಊಟ ಎಂಬ ವಾಡಿಕೆ ಎಲ್ಲ ಕಡೆಯೂ ಅಳಿದಿಲ್ಲ. ವಾದ್ಯ ಮಂಗಳಕರ, ವಾದ್ಯದವನು ಮಾತ್ರ ದೂರ. ಹೀಗಿರಲು ನಮ್ಮ ಮನೆಯ ಹುಡುಗರು ಕೊಳವೆಯನ್ನು ಅಟ್ಟಕ್ಕೆಸೆದು ಬೆಂಗಳೂರಿನ ಬಸ್ಸು ಹತ್ತಿದರೆ ಅದನ್ನು ಸಂಸ್ಕೃತಿಯ ದ್ರೋಹವೆಂದು ಭಾಷಣದಲ್ಲಿ ಬಯ್ಯುವುದು ನ್ಯಾಯವೆ? ವಾದ್ಯ ಉಳಿಯಲಿ ಎನ್ನುವವರು ವಾದ್ಯದವನ ಮಗ ಓದಲಿ ಎಂದೂ ಹೇಳಬೇಕು. ಓದಿದ ಮೇಲೆಯೂ ನಾಚಿಕೆಯಿಲ್ಲದೆ ಊದುವಂತಾಗಲಿ ಎಂದೂ ಹೇಳಬೇಕು.

ಕೆಲವರು ಕೇಳಬಹುದು: ವಿದ್ಯುತ್ತಿನ ಪೆಟ್ಟಿಗೆ ಗುಂಡಿಯೊತ್ತಿದರೆ ತಪ್ಪದೆ ಶ್ರುತಿ ಕೊಡುವಾಗ ಮನುಷ್ಯನ ಗಲ್ಲವನ್ನು ಏಕೆ ನೋಯಿಸಬೇಕು? ಈ ಆಕ್ಷೇಪದಲ್ಲಿ ತಿರುಳಿದೆ. ಗಂಟೆಗಟ್ಟಲೆ ಊದಿ ಅಜ್ಜನ ಗಲ್ಲ ಜೋತುಬಿದ್ದಿತ್ತು. ಪೆಟ್ಟಿಗೆಯನ್ನು ಕೊಂಡುಕೊಡುವವರಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಪೆಟ್ಟಿಗೆ ಇರಲಿ. ಆದರೆ ಪೆಟ್ಟಿಗೆಗೆ ಮೌರಿಯವರ ಉಸಿರು ಕೇಳಿಸುವುದಿಲ್ಲ. ಬಿಸಿಲೇರಿದಂತೆ ಮೌರಿಯ ಸ್ವರ ಕೂದಲೆಳೆಯಷ್ಟು ಸರಿದರೆ ಪಕ್ಕದ ಶ್ರುತಿಯವನು ಉಸಿರನ್ನು ಬಿಗಿದು ಅದರ ಜೊತೆಗೆ ಹೋಗುತ್ತಾನೆ. ಪೆಟ್ಟಿಗೆ ತಾನು ಸರಿಯೆಂದು ನಿಂತಲ್ಲಿಯೇ ನಿಲ್ಲುತ್ತದೆ. ಸರಿಯಾಗಿರುವುದು ಬೇರೆ, ಜೊತೆಯಾಗಿರುವುದು ಬೇರೆ.

ಹಾಗಾದರೆ ಮಾಡಬೇಕಾದುದೇನು? ಇಲ್ಲಿಯೂ ಸ್ಕಾಟ್ಲೆಂಡಿನ ಇತಿಹಾಸ ಒಂದು ದಾರಿಯನ್ನು ತೋರಿಸುತ್ತದೆ. ಅಲ್ಲಿಯೂ ಪೈಪು ವಂಶದ ವೃತ್ತಿಯಾಗಿತ್ತು. ಸ್ಕೈ ದ್ವೀಪದ ಮ್ಯಾಕ್ರಿಮನ್ ಮನೆತನದವರು ಮ್ಯಾಕ್ಲೌಡ್ ಒಡೆಯರಿಗೆ ತಲೆಮಾರುಗಳಿಂದ ಪೈಪು ನುಡಿಸಿ ಉಂಬಳಿಯಂತೆ ಭೂಮಿಯನ್ನು ಅನುಭವಿಸುತ್ತಿದ್ದರು. ನಮ್ಮಲ್ಲಿಯೂ ದೇವಸ್ಥಾನದ ವಾಲಗಕ್ಕೆ ಉಂಬಳಿಯಿತ್ತಲ್ಲವೆ? 1746ರಲ್ಲಿ ಕಲ್ಲೋಡನ್ನಿನ ಯುದ್ಧದಲ್ಲಿ ಸೋತ ಮೇಲೆ ಗುಡ್ಡಗಾಡಿನ ಒಡೆತನದ ಕಟ್ಟು ಸಡಿಲಿತು, ಪೈಪಿನವರ ಆಶ್ರಯವೂ ಕಳಚತೊಡಗಿತು. ಆಗ ಲಂಡನ್ನಿನ ಹೈಲ್ಯಾಂಡ್ ಸೊಸೈಟಿಯವರು 1781ರಲ್ಲಿ ಫಾಲ್ಕರ್ಕ್ ಎಂಬ ಊರಿನ ದನದ ಸಂತೆಯ ಕಾಲಕ್ಕೆ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಗೆದ್ದವನಿಗೆ ಕೊಟ್ಟ ಬಹುಮಾನವೇನು ಗೊತ್ತೆ? ಹೊಸದೊಂದು ಪೈಪು! ಹಾರವಲ್ಲ, ಶಾಲಲ್ಲ; ನಾಳೆಯೂ ಊದಲು ಬರುವ ವಾದ್ಯ. ಅಂಥ ಸ್ಪರ್ಧೆಗಳು ಬೆಳೆದವು, ಸೈನ್ಯ ಪೈಪನ್ನು ದೇಶದೇಶಕ್ಕೆ ಒಯ್ದಿತು. ಹಿಮಾಲಯದ ಗಢವಾಲ, ಕುಮಾವೂಗಳಲ್ಲಿ ಅದು ಮಶಕ್ ಬೀನ್ ಎಂಬ ಹೆಸರಿನಿಂದ ಮದುವೆಯ ವಾದ್ಯವೇ ಆಯಿತು. ಪಾಕಿಸ್ತಾನದ ಸಿಯಾಲಕೋಟೆಯಲ್ಲಿ ಮಾಡಿದ ಪೈಪುಗಳು ಇಂದು ಪ್ರಪಂಚಕ್ಕೆಲ್ಲ ಹೋಗುತ್ತವೆ. ಆಶ್ರಯ ತಪ್ಪಿದ ವಾದ್ಯವೊಂದು ಹೀಗೆ ಹೊಸ ಮನೆಗಳನ್ನು ಕಂಡುಕೊಂಡಿತು.

ಆದುದರಿಂದ ನನ್ನ ಸೂಚನೆ ಇಷ್ಟೇ. ನಮ್ಮ ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮುಂದಿನ ವರ್ಷದಿಂದ ಅರ್ಧ ಗಂಟೆ ವಾಲಗ ನಡೆಯಲಿ. ಅತಿಥಿಗಳನ್ನು ಬಾಗಿಲಿನಿಂದ ಒಳಗೆ ಕರೆತರುವುದಕ್ಕಲ್ಲ, ವೇದಿಕೆಯ ಮೇಲೆ, ಎಲ್ಲರೂ ಕುಳಿತು ಕೇಳುವುದಕ್ಕೆ. ಮೌರಿಯವರ ಹೆಸರಿನ ಜೊತೆಗೆ ಶ್ರುತಿ ಹಿಡಿದವರ ಹೆಸರನ್ನೂ ಹೇಳಲಿ. ಕಲಿಯುವ ಹುಡುಗ ಹುಡುಗಿಯರಿದ್ದರೆ ಶಾಲಿನ ಹಣದಲ್ಲಿ ಒಂದು ಕೊಳವೆಯನ್ನು ಮಾಡಿಸಿ ಕೊಡಲಿ. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳಲ್ಲಿ ಶ್ರೀಗಂಧವನ್ನು ಕೆತ್ತಬಲ್ಲ ಗುಡಿಗಾರರಿದ್ದಾರೆ. ಮರದ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ವಾದ್ಯಗಳ ಪಟ್ಟಿ ಮಾಡಲಿ: ಯಾವ ಮರ, ಯಾರು ಮಾಡಿದ್ದು, ಯಾರು ನುಡಿಸುತ್ತಿದ್ದರು, ಈಗ ನುಡಿಯುತ್ತದೆಯೆ? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಬೆಳ್ಳಿ ಎಷ್ಟು ತೊಲೆ ಎಂದು ಕೇಳೋಣ.

ಅಜ್ಜನ ಕೊಳವೆಯನ್ನು ಮೊನ್ನೆ ಒಬ್ಬ ಆಚಾರಿಯವರಿಗೆ ತೋರಿಸಿದೆ. ಬಿರುಕಿಗೆ ಅರಗು ತುಂಬಿ, ಎರಡು ಕಡೆ ಕಟ್ಟು ಹಾಕಿ ನೋಡಬಹುದು, ಸ್ವರ ಮೊದಲಿನಂತೆ ಬರುವುದೆಂದು ಮಾತು ಕೊಡಲಾರೆ ಎಂದರು. ಬೆಳ್ಳಿಯೇ ಬೇಕೆ ಎಂದು ಕೇಳಿದ್ದಕ್ಕೆ, "ಹಿತ್ತಾಳೆಯೂ ಹಿಡಿತದೆ ತಮಾ, ಊದೂವವರು ಬೇಕು" ಎಂದರು. ಹಿತ್ತಾಳೆಯನ್ನು ತಂದುಕೊಟ್ಟಿದ್ದೇನೆ. ಚಿಕ್ಕಪ್ಪ ಗಲ್ಲದ ಉಸಿರನ್ನು ಹೇಳಿಕೊಡುತ್ತಿದ್ದಾರೆ. ಪಪ್ಪಾಯಿ ಎಲೆಯ ದಂಟನ್ನು ಲೋಟದ ನೀರಿನಲ್ಲಿಟ್ಟು ಊದಬೇಕು. ಮೂಗಿನಿಂದ ಉಸಿರೆಳೆಯುವಾಗಲೂ ನೀರಿನ ಗುಳ್ಳೆ ನಿಲ್ಲಬಾರದು. ಪರೀಕ್ಷೆಯ ಓದಿನ ನಡುವೆ ದಿನಕ್ಕೆ ಕಾಲು ಗಂಟೆ ಕೂರುತ್ತೇನೆ. ಗುಳ್ಳೆ ಇನ್ನೂ ನಡುನಡುವೆ ನಿಲ್ಲುತ್ತದೆ.